ನೀಲಿ ಕುದುರೆ ಹೊರಬಂದ ಮೇಲೆ

ಹೋದ ವರ್ಷ ಒಂದು ಸೆಮಿನಾರಿನಲ್ಲಿ ಗೆಳೆಯರೊಬ್ಬರು ಮಾರ್ಕೊ ಕವಾಲ್ಲೊನ ಕತೆ ಹೇಳಿದರು. 1973ರ ಇಟಲಿ, ತ್ರಿಯೆಸ್ತೆ ನಗರ. ಸಾನ್ ಜೊವಾನ್ನಿ ಹುಚ್ಚಾಸ್ಪತ್ರೆಯ ರೋಗಿಗಳು, ಕಲಾವಿದರು, ವೈದ್ಯರು, ದಾದಿಯರು ಎಲ್ಲರೂ ಸೇರಿ ಮರ ಮತ್ತು ಕಾಗದದ ಮುದ್ದೆಯಿಂದ ಆಳೆತ್ತರ ಮೀರಿದ ನೀಲಿ ಕುದುರೆಯೊಂದನ್ನು ಕಟ್ಟುತ್ತಾರೆ. ಅದರ ಹೊಟ್ಟೆಯೊಳಗೆ ರೋಗಿಗಳ ಆಸೆಗಳನ್ನು ತುಂಬುತ್ತಾರೆ. ಹೊರಗೆ ತರಲು ಹೋದರೆ ಬಾಗಿಲು ಸಾಲದು. ಕುದುರೆಯನ್ನು ಕುಯ್ಯುವುದಿಲ್ಲ, ಬಾಗಿಲನ್ನೇ ಒಡೆಯುತ್ತಾರೆ. ಕುದುರೆಯ ಹಿಂದೆ ನೂರಾರು ರೋಗಿಗಳು ಊರಿನ ಬೀದಿಗೆ ಬರುತ್ತಾರೆ. ಐದು ವರ್ಷಗಳ ನಂತರ ಇಟಲಿ ಹುಚ್ಚಾಸ್ಪತ್ರೆಗಳನ್ನೇ ಮುಚ್ಚುವ ಕಾಯ್ದೆ ತರುತ್ತದೆ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಎಂ.ಎ. ಹುಡುಗಿಯೊಬ್ಬಳು ಎದ್ದು, “ಸರ್, ಕೊಲೆ ಮಾಡಿದವರೂ ಹೊರಗೆ ಬಂದ್ರಾ?” ಎಂದು ಕೇಳಿದಳು. ಒಂದಿಬ್ಬರು ನಕ್ಕರು. ಭಾಷಣಕಾರರು, “ಅದು ಬೇರೆ ವಿಷಯಮ್ಮ” ಅಂದು ಮುಂದಿನ ಪ್ರಶ್ನೆಗೆ ಹೋದರು.

ಈ ಬರಹ ಆ ಬೇರೆ ವಿಷಯದ ಬಗ್ಗೆ. ಅದು ಬೇರೆಯಲ್ಲ ಅನ್ನುವುದೇ ನನ್ನ ತಕರಾರು. ನಮ್ಮ ಓದಿನ ವಲಯದಲ್ಲಿ ಫೂಕೋನನ್ನು ಓದಿದವರೆಲ್ಲ ಬಸಾಲಿಯಾನ ಹೆಸರನ್ನೂ ಒಂದು ಸಲ ಹೇಳುತ್ತಾರೆ. ಹುಚ್ಚು ಎಂಬುದು ಪ್ರಭುತ್ವದ ಕಟ್ಟುಕಥೆ ಎಂದು ಬರೆಯುವುದು ನಮಗೆ ಬಹಳ ಸುಲಭ. ಆದರೆ ಆ ಹುಚ್ಚಿನ ಕೈಯಲ್ಲಿ ಒಂದು ಕೊಡಲಿ ಇದ್ದರೆ ನಾವು ಮೆಲ್ಲಗೆ ಪುಟ ತಿರುಗಿಸುತ್ತೇವೆ. ಇಟಲಿಯೂ ಹಾಗೆಯೇ ತಿರುಗಿಸಿತು, ಸುಮಾರು ನಲವತ್ತು ವರ್ಷ.

ಫ್ರಾಂಕೊ ಬಸಾಲಿಯಾ 1961ರಲ್ಲಿ ಗೊರಿಜಿಯಾದ ಹುಚ್ಚಾಸ್ಪತ್ರೆಗೆ ನಿರ್ದೇಶಕನಾಗಿ ಹೋದಾಗ ಅಲ್ಲಿನ ವಾಸನೆ ಅವನಿಗೆ ತಾನು ತರುಣನಾಗಿದ್ದಾಗ ಫ್ಯಾಸಿಸ್ಟ್ ವಿರೋಧಿಯೆಂದು ಸೇರಿದ್ದ ಜೈಲನ್ನು ನೆನಪಿಸಿತಂತೆ. ಆಗ ಜಾರಿಯಲ್ಲಿದ್ದುದು 1904ರ ಕಾಯ್ದೆ. ತನಗೆ ಅಥವಾ ಪರರಿಗೆ ಅಪಾಯಕಾರಿಯಾದವರನ್ನು, ಸಾರ್ವಜನಿಕರಿಗೆ ಮುಜುಗರ ತರುವವರನ್ನು ಒಳಗೆ ಹಾಕಬೇಕು ಎಂಬುದು ಅದರ ಸಾರ. 1978ರ ಮೇ 13ರಂದು ಬಂದ 180ನೇ ಕಾಯ್ದೆ ಈ ‘ಅಪಾಯ’ ಎಂಬ ಪದವನ್ನೇ ಮನೋವೈದ್ಯಕೀಯದಿಂದ ಹೊರಹಾಕಿತು. ಇನ್ನು ಮುಂದೆ ಚಿಕಿತ್ಸೆಗೆ ಕಾರಣ ರೋಗ, ಅಪಾಯವಲ್ಲ. ಇದು ಸಣ್ಣ ಮಾತಲ್ಲ. ಆದರೆ ಅದೇ ಪದ ಇನ್ನೊಂದು ಪುಸ್ತಕದಲ್ಲೂ ಕೂತಿತ್ತು. ಅದು 1930ರ ದಂಡಸಂಹಿತೆ. ಮುಸೊಲಿನಿಯ ಕಾನೂನು ಮಂತ್ರಿ ಅಲ್ಫ್ರೆದೊ ರೊಕ್ಕೊನ ಹೆಸರಿನಲ್ಲೇ ಅದನ್ನು ಇಂದಿಗೂ ಕರೆಯುತ್ತಾರೆ. ಆ ಪುಸ್ತಕವನ್ನು 180ನೇ ಕಾಯ್ದೆ ಮುಟ್ಟಲಿಲ್ಲ. ಅಪರಾಧಿ ಹುಚ್ಚರ ಆಸ್ಪತ್ರೆಗಳು ಆರೋಗ್ಯ ಇಲಾಖೆಯ ಸ್ವತ್ತಾಗಿರಲಿಲ್ಲ, ನ್ಯಾಯ ಇಲಾಖೆಯ ಸ್ವತ್ತಾಗಿದ್ದವು. ಹಾಗಾಗಿ ಬಾಗಿಲು ಒಡೆದ ದೇಶದಲ್ಲಿ ಆರು ಬಾಗಿಲುಗಳು ಹಾಗೆಯೇ ಉಳಿದವು: ಅವೆರ್ಸಾ, ನೇಪಲ್ಸ್, ರೆಜ್ಜೊ ಎಮಿಲಿಯಾ, ಮೊಂತೆಲುಪೊ ಫಿಯೊರೆಂತಿನೊ, ಕಾಸ್ತಿಲಿಯೊನೆ ದೆಲ್ಲೆ ಸ್ತಿವಿಯೆರೆ, ಸಿಸಿಲಿಯ ಬಾರ್ಚೆಲ್ಲೊನಾ ಪೊತ್ಸೊ ದಿ ಗೊತ್ತೊ.

ಇವುಗಳಲ್ಲಿ ಹಳೆಯದು ಅವೆರ್ಸಾ. 1876ರಲ್ಲಿ ಒಂದು ಹಳೆಯ ಮಠದ ಕಟ್ಟಡದಲ್ಲಿ ಬುದ್ಧಿ ಕೆಟ್ಟ ಕೈದಿಗಳಿಗೆಂದು ತೆರೆದ ವಿಭಾಗ. ಹುಟ್ಟಾ ಅಪರಾಧಿಯನ್ನು ತಲೆಬುರುಡೆಯ ಅಳತೆಯಲ್ಲಿ ಹುಡುಕಿದ ಲೊಂಬ್ರೊಸೊನ ಪುಸ್ತಕ ಮೊದಲು ಅಚ್ಚಾದದ್ದೂ ಅದೇ ವರ್ಷ. ಮೊಂತೆಲುಪೊದ ಆಸ್ಪತ್ರೆ ಇದ್ದದ್ದು ಮೆದಿಚಿ ಮನೆತನದ ವಿಲಾಸದ ಬಂಗಲೆಯೊಂದರಲ್ಲಿ. 1975ರ ಜೈಲು ಸುಧಾರಣೆಯ ಕಾಯ್ದೆ ಇವುಗಳಿಗೆ ‘ನ್ಯಾಯಾಂಗ ಮನೋವೈದ್ಯಕೀಯ ಆಸ್ಪತ್ರೆ’ ಎಂಬ ಹೊಸ ಹೆಸರು ಕೊಟ್ಟಿತು. ಇಟಾಲಿಯನ್ ಅಕ್ಷರಗಳಲ್ಲಿ ಓಪಿಜಿ. ಹೆಸರು ಬದಲಾಯಿತು, ಬೀಗ ಬದಲಾಗಲಿಲ್ಲ.

ಬೀಗ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಎಲ್ಲ ಕುತಂತ್ರವೂ ಅಲ್ಲೇ ಇದೆ. ರೊಕ್ಕೊ ಸಂಹಿತೆಗೆ ಎರಡು ಹಳಿಗಳು. ತಪ್ಪಿತಸ್ಥನಿಗೆ ಶಿಕ್ಷೆ, ಅಪಾಯಕಾರಿಗೆ ‘ಭದ್ರತಾ ಕ್ರಮ’. ಕೃತ್ಯ ಎಸಗುವ ಹೊತ್ತಿಗೆ ಅರಿಯುವ ಮತ್ತು ಇಚ್ಛಿಸುವ ಶಕ್ತಿ ಇಲ್ಲದವನನ್ನು ಶಿಕ್ಷಿಸುವಂತಿಲ್ಲ ಎನ್ನುತ್ತದೆ 88ನೇ ಕಲಂ. ಕೇಳಲು ಕರುಣೆ. ಆದರೆ ಅವನು ಮುಂದೆಯೂ ಅಪಾಯ ಮಾಡಬಹುದು ಎಂದು ಕಂಡರೆ? ಆಗ ಎರಡನೇ ಹಳಿ. ಕೃತ್ಯದ ಗಾತ್ರ ನೋಡಿ ಕನಿಷ್ಠ ಎರಡು, ಐದು ಅಥವಾ ಹತ್ತು ವರ್ಷ. ಗರಿಷ್ಠ? ಗರಿಷ್ಠ ಇಲ್ಲ. ಅವಧಿ ಮುಗಿದಾಗ ನ್ಯಾಯಾಧೀಶರು ಮತ್ತೆ ನೋಡುತ್ತಾರೆ, ಅಪಾಯ ಹೋಗಿಲ್ಲ ಎಂದರೆ ಮತ್ತೆ ವಿಸ್ತರಣೆ, ಮತ್ತೆ ವಿಸ್ತರಣೆ. ಶಿಕ್ಷೆಗೆ ಒಂದು ಕೊನೆಯ ದಿನಾಂಕ ಇರುತ್ತದೆ, ಯಾಕೆಂದರೆ ಅದು ಮಾಡಿದ್ದಕ್ಕೆ. ಇದಕ್ಕೆ ಇಲ್ಲ, ಯಾಕೆಂದರೆ ಇದು ಮಾಡಬಹುದಾದದ್ದಕ್ಕೆ. ಇಟಾಲಿಯನ್ನರು ಇದಕ್ಕೆ ಕೊಟ್ಟ ಹೆಸರು ‘ಬಿಳಿ ಜೀವಾವಧಿ’. ವೈದ್ಯರ ಕೋಟಿನ ಬಿಳಿಯೋ, ಖಾಲಿ ಬಿಟ್ಟ ತಾರೀಖಿನ ಬಿಳಿಯೋ, ನನಗೆ ಎರಡೂ ಸರಿಯೆನಿಸುತ್ತದೆ.

ನಾಟಕ ಓದುವವರಿಗೆ ಇದು ಗೊತ್ತಿರುವ ಕತೆ. ಪಿರಾಂದೆಲ್ಲೊನ ‘ನಾಲ್ಕನೇ ಹೆನ್ರಿ’ 1922ರಲ್ಲಿ ರಂಗಕ್ಕೆ ಬಂತು. ಕುದುರೆಯಿಂದ ಬಿದ್ದು ತಾನೇ ಚಕ್ರವರ್ತಿ ಎಂದುಕೊಂಡವನು ವರ್ಷಗಳ ಹಿಂದೆಯೇ ಗುಣವಾಗಿದ್ದಾನೆ, ಆದರೂ ನಟಿಸುತ್ತಿದ್ದಾನೆ. ಕೊನೆಗೆ ತನ್ನ ಎದುರಾಳಿಯನ್ನು ಕತ್ತಿಯಿಂದ ಇರಿಯುತ್ತಾನೆ. ಆ ಕ್ಷಣದಿಂದ ಅವನಿಗೆ ಹುಚ್ಚಿನಿಂದ ಬಿಡುಗಡೆಯಿಲ್ಲ. ಹುಚ್ಚ ಅಲ್ಲ ಎಂದರೆ ಕೊಲೆಗಾರ. ಕೊಲೆಗಾರ ಅಲ್ಲ ಎನ್ನಬೇಕಾದರೆ ಸಾಯುವ ತನಕ ಹುಚ್ಚ. ನಮ್ಮ ತರಗತಿಗಳಲ್ಲಿ ಇದನ್ನು ಮುಖವಾಡ, ಅಸ್ಮಿತೆ, ಆಧುನಿಕತೆ ಎಂದೆಲ್ಲ ಓದಿಸಿದರು. ಒಬ್ಬರಾದರೂ ಇದು ಒಂದು ಕಾನೂನಿನ ಕರಾರು ಎಂದು ಹೇಳಿದ್ದರೆ ಚೆನ್ನಾಗಿತ್ತು. ಎಂಟು ವರ್ಷಗಳ ನಂತರ ರೊಕ್ಕೊ ಅದೇ ಕರಾರಿಗೆ ಕಲಮುಗಳ ಸಂಖ್ಯೆ ಹಾಕಿದ.

ಕರಾರಿನೊಳಗೆ ಸಿಕ್ಕಿಕೊಂಡವರು ಚಕ್ರವರ್ತಿಗಳಲ್ಲ. 1974ರಲ್ಲಿ ರೋಮ್‌ನ ರೈಲು ನಿಲ್ದಾಣದಲ್ಲಿ ಒಂದು ಜಗಳ. ಹೆಂಗಸೊಬ್ಬಳು ಮಫ್ತಿಯಲ್ಲಿದ್ದ ಪೊಲೀಸನ ಮೇಲೆ ಕೈ ಮಾಡಿದಳು. ಅವಳನ್ನು ಪೊತ್ಸುವೊಲಿಯ ಅಪರಾಧಿ ಹುಚ್ಚಾಸ್ಪತ್ರೆಗೆ ಕಳಿಸಿದರು. ತಿಂಗಳಿಗೂ ಹೆಚ್ಚು ಕಾಲ ಮಂಚಕ್ಕೆ ಕಟ್ಟಿಹಾಕಿದ್ದರು. ಕಟ್ಟಿದ ಸ್ಥಿತಿಯಲ್ಲೇ ಹಾಸಿಗೆಗೆ ಬೆಂಕಿ ಬಿದ್ದು ಸುಟ್ಟುಕೊಂಡು, ಡಿಸೆಂಬರ್ 31ರಂದು ತೀರಿಕೊಂಡಳು. ತ್ರಿಯೆಸ್ತೆಯ ನೀಲಿ ಕುದುರೆ ಹೊರಬಂದು ಆಗ ಎರಡು ವರ್ಷವೂ ತುಂಬಿರಲಿಲ್ಲ. ಇನ್ನೊಬ್ಬ 1992ರಲ್ಲಿ ಕತಾನಿಯಾದಲ್ಲಿ ಜೇಬಿನೊಳಗೆ ಬೆರಳು ಚಾಚಿ ಪಿಸ್ತೂಲಿನಂತೆ ತೋರಿಸಿ ಅಂಗಡಿಯಿಂದ 7,000 ಲಿರಾ ಕಿತ್ತುಕೊಂಡ. ಯೂರೋ ಲೆಕ್ಕದಲ್ಲಿ ನಾಲ್ಕು ಯೂರೋಗಿಂತ ಕಡಿಮೆ. ಸೆನೆಟ್ ಸಮಿತಿಯವರು ಅವನನ್ನು ಕಂಡಾಗ 2010 ದಾಟಿತ್ತು, ಅವನು ಇನ್ನೂ ಒಳಗಿದ್ದ.

ಆ ಸಮಿತಿಯ ಅಧ್ಯಕ್ಷರು ಇಗ್ನಾತ್ಸಿಯೊ ಮರೀನೊ, ವೃತ್ತಿಯಿಂದ ಶಸ್ತ್ರವೈದ್ಯರು. 2010ರಲ್ಲಿ ಸಮಿತಿ ಮೊದಲೇ ತಿಳಿಸದೆ ಆರೂ ಓಪಿಜಿಗಳ ಬಾಗಿಲು ತಟ್ಟಿತು, ಕ್ಯಾಮೆರಾ ಜೊತೆಗೆ. ಒಳಗೆ ಆಗ ಸುಮಾರು 1,500 ಮಂದಿ ಇದ್ದರು. ತುಕ್ಕು ಹಿಡಿದ ಕಬ್ಬಿಣದ ಮಂಚ, ಕಟ್ಟಿಹಾಕಿದವನ ಮಲಮೂತ್ರ ಕೆಳಗೆ ಬೀಳಲೆಂದು ಮಂಚದ ನಡುವೆ ಒಂದು ತೂತು. ಮರುವರ್ಷ ಈ ದೃಶ್ಯಗಳು ಸರ್ಕಾರಿ ದೂರದರ್ಶನದಲ್ಲಿ ಬಂದವು. ನಾಗರಿಕ ದೇಶವೊಂದರಲ್ಲಿ ಊಹಿಸಲಾಗದ ಘೋರ ಎಂಬ ಅರ್ಥದ ಮಾತನ್ನು ರಾಷ್ಟ್ರಪತಿ ನಪೊಲಿಟಾನೊ ಅವರೇ ಆಡಿದರು. ಅಷ್ಟು ಹೊತ್ತಿಗೆ 180ನೇ ಕಾಯ್ದೆಗೆ ಮೂವತ್ತು ವರ್ಷ ದಾಟಿತ್ತು. ಇಟಲಿಯ ಪ್ರಗತಿಪರರು ಆ ಮೂವತ್ತು ವರ್ಷ ಏನು ಮಾಡುತ್ತಿದ್ದರು? ಕೆಲವರು ಕೂಗುತ್ತಲೇ ಇದ್ದರು ನಿಜ. ಉಳಿದವರು ನಮ್ಮ ಹಾಗೆ ಕುದುರೆಗೆ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಬೇಗ ಬೇಗ ಹೇಳಬಹುದು. 2012ರ ಕಾಯ್ದೆ 2013ರ ಮಾರ್ಚ್ ಕೊನೆಗೆ ಮುಚ್ಚಿ ಎಂದಿತು. ಮುಂದೂಡಿದರು. ಮತ್ತೆ ಮುಂದೂಡಿದರು. 2013ರ ನವೆಂಬರ್‌ನಲ್ಲಿ ಮಾರ್ಕೊ ಕವಾಲ್ಲೊನನ್ನೇ ಮತ್ತೆ ಹೊರಡಿಸಿ ಓಪಿಜಿಗಳ ಮುಂದೆ ಓಡಾಡಿಸಿದರು. ಈ ಎರಡನೇ ಯಾತ್ರೆಯ ಕತೆಯನ್ನು ಸೆಮಿನಾರುಗಳಲ್ಲಿ ಯಾರೂ ಹೇಳುವುದಿಲ್ಲ. 2014ರ 81ನೇ ಕಾಯ್ದೆ ಗಡುವನ್ನು 2015ರ ಮಾರ್ಚ್ 31ಕ್ಕೆ ಕಟ್ಟಿತು. ಕೊನೆಯ ಓಪಿಜಿ ಖಾಲಿಯಾದದ್ದು 2017ರಲ್ಲಿ.

81ನೇ ಕಾಯ್ದೆಯಲ್ಲಿ ಎರಡು ಸಾಲುಗಳಿವೆ. ಅವು ಯಾವ ಮ್ಯಾನಿಫೆಸ್ಟೋಗಿಂತ ಕಡಿಮೆಯಲ್ಲ ಎಂದು ನನಗೆ ಅನ್ನಿಸುತ್ತದೆ. ಒಂದು, ಭದ್ರತಾ ಕ್ರಮದ ಅವಧಿ ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯನ್ನು ಮೀರುವಂತಿಲ್ಲ. ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟರೆ ಬಿಳಿ ಜೀವಾವಧಿ ಅಲ್ಲಿಗೆ ಮುಗಿಯಿತು. ಎರಡು, ಒಬ್ಬ ಅಪಾಯಕಾರಿಯೋ ಅಲ್ಲವೋ ಎಂದು ನಿರ್ಧರಿಸುವಾಗ ಅವನ ಬಡತನವನ್ನು, ಮನೆಮಠ ಇಲ್ಲದಿರುವುದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವನಿಗೆ ಹೊರಗೆ ಚಿಕಿತ್ಸೆಯ ಏರ್ಪಾಡು ಆಗಿಲ್ಲ ಎಂಬುದೊಂದೇ ಕಾರಣಕ್ಕೆ ಅಪಾಯಕಾರಿ ಎನ್ನುವಂತಿಲ್ಲ. ಇದನ್ನು ಇನ್ನೊಮ್ಮೆ ಓದಿ. ಕಾಯ್ದೆಯಲ್ಲಿ ಹೀಗೆ ಬರೆಯಬೇಕಾಗಿ ಬಂತು ಎಂದರೆ ಅಲ್ಲಿಯವರೆಗೆ ಏನು ನಡೆಯುತ್ತಿತ್ತು ಎಂದು ಅರ್ಥವಾಗುತ್ತದೆ. ಕರೆದುಕೊಂಡು ಹೋಗಲು ಅಣ್ಣನೋ ಅಕ್ಕನೋ ಬರದವನು ಅಪಾಯಕಾರಿಯಾಗಿ ಉಳಿಯುತ್ತಿದ್ದ. ಈ ಸಾಲು ಸಂವಿಧಾನಬಾಹಿರ ಎಂದು ಕೋರ್ಟಿಗೂ ಹೋದರು. 2015ರಲ್ಲಿ ಸಂವಿಧಾನ ನ್ಯಾಯಾಲಯ ಕಾಯ್ದೆಯನ್ನೇ ಎತ್ತಿಹಿಡಿಯಿತು.

ಓಪಿಜಿಗಳ ಜಾಗಕ್ಕೆ ಬಂದದ್ದು ರೆಮ್ಸ್ ಎಂಬ ಚಿಕ್ಕ ನಿಲಯಗಳು. ಒಂದೊಂದರಲ್ಲಿ ಹೆಚ್ಚೆಂದರೆ 20 ಹಾಸಿಗೆ. ಒಳಗೆ ಜೈಲು ಪೊಲೀಸರು ಇರುವುದಿಲ್ಲ. ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು ಇರುತ್ತಾರೆ. ಆಯಾ ಪ್ರದೇಶದ ಆರೋಗ್ಯ ಇಲಾಖೆಯೇ ನಡೆಸುತ್ತದೆ, ಆಯಾ ಪ್ರದೇಶದವರನ್ನೇ ಸೇರಿಸಿಕೊಳ್ಳುತ್ತದೆ. ಹಾಸಿಗೆ ತುಂಬಿದರೆ ತುಂಬಿತು, ನೆಲದ ಮೇಲೆ ಹಾಸಿ ಮಲಗಿಸುವುದಿಲ್ಲ. ದೇಶದಲ್ಲೆಲ್ಲ ಸೇರಿ ಸುಮಾರು 30 ನಿಲಯ, ಸುಮಾರು 600 ಹಾಸಿಗೆ.

ಈಗ ಎದುರಾಳಿಗಳ ಮಾತು. ಹಾಸಿಗೆ 600, ಆದರೆ ಸಾಲಿನಲ್ಲಿ ಕಾದಿರುವವರು? 2022ರ ಜನವರಿಯಲ್ಲಿ ಸಂವಿಧಾನ ನ್ಯಾಯಾಲಯ ತನ್ನ 22ನೇ ತೀರ್ಪಿನಲ್ಲಿ ಲೆಕ್ಕ ಕೊಟ್ಟಿತು. ಕಾಯುತ್ತಿರುವವರು 670ರಿಂದ 750 ಮಂದಿ, ಸರಾಸರಿ ಕಾಯುವ ಅವಧಿ ಹತ್ತು ತಿಂಗಳು. ಕೆಲವರು ಮನೆಯಲ್ಲಿ ಕಾಯುತ್ತಾರೆ, ಮನೆಯವರು ಹೆದರಿಕೊಂಡು. ಕೆಲವರು ಜೈಲಿನಲ್ಲೇ ಕಾಯುತ್ತಾರೆ, ಅಲ್ಲಿ ಇರಬಾರದೆಂದು ಕೋರ್ಟೇ ಹೇಳಿದ ಮೇಲೂ. ಅದೇ ತಿಂಗಳು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ರೋಮ್‌ನ ರೆಬಿಬ್ಬಿಯಾ ಜೈಲಿನಲ್ಲಿ ಹಾಗೆ ಕೊಳೆತ ಯುವಕನೊಬ್ಬನ ಪ್ರಕರಣದಲ್ಲಿ ಇಟಲಿಯನ್ನು ತಪ್ಪಿತಸ್ಥ ಎಂದಿತು. 2023ರ ಏಪ್ರಿಲ್‌ನಲ್ಲಿ ಪೀಸಾದಲ್ಲಿ ಒಬ್ಬ ಮನೋವೈದ್ಯೆಯನ್ನು ಅವರ ಹಳೆಯ ರೋಗಿಯೇ ಆಸ್ಪತ್ರೆಯ ಹೊರಗೆ ಹೊಡೆದು ಕೊಂದ. ಆಮೇಲೆ ಎಲ್ಲ ಕಡೆಯಿಂದ ಒಂದೇ ಕೂಗು: ರೆಮ್ಸ್ ಸೋತಿದೆ, ಹಾಸಿಗೆ ಹೆಚ್ಚಿಸಿ, ದೊಡ್ಡದು ಕಟ್ಟಿ.

ಈ ಕೂಗನ್ನು ನಾನು ಲಘುವಾಗಿ ತಳ್ಳಿಹಾಕಲಾರೆ. ಸತ್ತವರು ವೈದ್ಯರು. ಅವರ ಸಹೋದ್ಯೋಗಿಗಳ ಭಯ ಸುಳ್ಳಲ್ಲ. ಆದರೆ ಹಾಸಿಗೆ ಹೆಚ್ಚಿಸಿ ಎನ್ನುವವರು ಒಂದು ಸರಳ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಈ ಸಾಲು ಬೆಳೆದದ್ದು ಹೇಗೆ? 2014ರ ಕಾಯ್ದೆ ರೆಮ್ಸ್ ಕೊನೆಯ ದಾರಿ ಎಂದಿತ್ತು. ಬೇರೆ ಯಾವ ಕ್ರಮದಿಂದಲೂ ಆಗದು ಎಂದು ಸಾಬೀತಾದಾಗ ಮಾತ್ರ. ನ್ಯಾಯಾಧೀಶರು ಅದನ್ನು ಮೊದಲ ದಾರಿ ಮಾಡಿಕೊಂಡರು. ವಿಚಾರಣೆ ಮುಗಿಯುವ ಮೊದಲೇ, ತಾತ್ಕಾಲಿಕ ಕ್ರಮವೆಂದು, ರೆಮ್ಸ್‌ಗೆ ಬರೆದುಬಿಡುತ್ತಾರೆ. ಒಳಗಿರುವವರಲ್ಲಿ ದೊಡ್ಡ ಪಾಲು ಇಂಥ ತಾತ್ಕಾಲಿಕದವರೇ. ಯಾಕೆ ಹೀಗೆ? ಹಾಗೆ ಬರೆದರೆ ನ್ಯಾಯಾಧೀಶರ ಕೈ ಶುದ್ಧ. ಹೊರಗಿನ ಚಿಕಿತ್ಸೆಗೆ ಒಪ್ಪಿಸಿ ನಾಳೆ ಏನಾದರೂ ಆದರೆ ಅವರ ಹೆಸರು ಪೇಪರಿನಲ್ಲಿ ಬರುತ್ತದೆ. ಹತ್ತು ತಿಂಗಳು ಕಾಯುವ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಯಾರ ಹೆಸರೂ ಬರುವುದಿಲ್ಲ. 600ಕ್ಕೆ 600 ಸೇರಿಸಿ, ಅದೂ ತುಂಬುತ್ತದೆ. ಲೊಂಬಾರ್ದಿಯಾವನ್ನು ನೋಡಿ. ಕಾಸ್ತಿಲಿಯೊನೆಯ ಹಳೆಯ ಆವರಣದಲ್ಲೇ ಹಲವು ರೆಮ್ಸ್‌ಗಳನ್ನು ಒತ್ತೊತ್ತಾಗಿ ಇಟ್ಟರು. ಒಂದೊಂದರ ಲೆಕ್ಕಕ್ಕೆ 20, ಬೇಲಿಯೊಳಗೆ ಒಟ್ಟು ನೂರಕ್ಕೂ ಹೆಚ್ಚು. ಅಂಕಗಣಿತ ಗೊತ್ತಿದ್ದವನಿಗೆ ಇದು ಏನೆಂದು ಹೇಳಬೇಕಿಲ್ಲ.

ಇನ್ನು ದುಡ್ಡು. ಆರೋಗ್ಯ ವೆಚ್ಚದ ಶೇಕಡ 5ನ್ನು ಮಾನಸಿಕ ಆರೋಗ್ಯಕ್ಕೆ ಕೊಡುತ್ತೇವೆ ಎಂದು ಇಟಲಿಯ ಪ್ರದೇಶಗಳು ಈ ಶತಮಾನದ ಶುರುವಿನಲ್ಲೇ ಒಪ್ಪಿದ್ದವು. ಇಂದಿಗೂ ಅದು ಶೇಕಡ 3ರ ಆಸುಪಾಸಿನಲ್ಲೇ ಒದ್ದಾಡುತ್ತಿದೆ. ರೆಮ್ಸ್ ಸೋತಿತು ಎನ್ನುವವರು ಗೆಲ್ಲಲು ಬೇಕಾದದ್ದನ್ನು ಕೊಟ್ಟಿದ್ದರೇ? ಊರಿನ ಮನೋವೈದ್ಯ ಕೇಂದ್ರದಲ್ಲಿ ಜನ ಇಲ್ಲ, ರೆಮ್ಸ್‌ನಿಂದ ಬಿಡುಗಡೆಯಾದವನಿಗೆ ಹೋಗಲು ಮನೆಯಿಲ್ಲ. ಅವನು ಹಾಸಿಗೆ ಖಾಲಿ ಮಾಡುವುದಿಲ್ಲ, ಸಾಲು ಉದ್ದವಾಗುತ್ತದೆ, ಉದ್ದವಾದ ಸಾಲನ್ನು ತೋರಿಸಿ ಹಳೆಯ ಕಟ್ಟಡದ ಕೀಲಿ ಹುಡುಕುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಚಪ್ಪಾಳೆಯ ಕಡೆಯವನೇ ಆಗುತ್ತೇನೆ. ನಮ್ಮ ಕಡೆಯವರು ಬಸಾಲಿಯಾನನ್ನು ಸಂತ ಮಾಡುವಾಗ ಎರಡು ಘಟನೆಗಳನ್ನು ಮುಚ್ಚಿಡುತ್ತಾರೆ. 1968ರಲ್ಲಿ, ಅವನ ‘ನಿರಾಕರಿಸಿದ ಸಂಸ್ಥೆ’ ಪುಸ್ತಕ ಬಂದು ಕೆಲವೇ ತಿಂಗಳಿಗೆ, ಗೊರಿಜಿಯಾದಿಂದ ಒಂದು ದಿನದ ರಜೆಯ ಮೇಲೆ ಮನೆಗೆ ಹೋದ ರೋಗಿಯೊಬ್ಬ ಹೆಂಡತಿಯನ್ನು ಕೊಡಲಿಯಿಂದ ಕೊಂದ. 1972ರಲ್ಲಿ ತ್ರಿಯೆಸ್ತೆಯಲ್ಲಿ ಬಿಡುಗಡೆಯಾದವನೊಬ್ಬ ತಂದೆತಾಯಿಯನ್ನು ಕೊಂದ. ಎರಡೂ ಸಲ ಬಸಾಲಿಯಾನ ಮೇಲೆ ಕೇಸು ನಡೆಯಿತು, ಎರಡೂ ಸಲ ಖುಲಾಸೆಯಾಯಿತು. ಖುಲಾಸೆ ನಮ್ಮ ಕತೆಯ ಸುಖಾಂತ್ಯವಲ್ಲ. ಆ ಹೆಂಗಸು ಸತ್ತಳು. ಬಾಗಿಲು ತೆರೆಯುವುದಕ್ಕೆ ಬೆಲೆ ಇದೆ, ಕೆಲವೊಮ್ಮೆ ಅದನ್ನು ತೆರುವವರು ಬಾಗಿಲು ತೆರೆದವರಲ್ಲ. ಹುಚ್ಚಾಸ್ಪತ್ರೆಯಲ್ಲೇ ಬದುಕಿದ ವೈದ್ಯ, ಕಾದಂಬರಿಕಾರ ಮಾರಿಯೊ ತೊಬಿನೊ 180ನೇ ಕಾಯ್ದೆಯನ್ನು ಬಹಿರಂಗವಾಗಿ ವಿರೋಧಿಸಿದ. ಅವನನ್ನು ಪ್ರತಿಗಾಮಿ ಎಂದು ಪಕ್ಕಕ್ಕಿಟ್ಟರು. ನಾನು ಅವನ ನಿಲುವನ್ನು ಒಪ್ಪುವುದಿಲ್ಲ, ಆದರೆ ಹುಚ್ಚು ಇದೆ, ಅದು ನೋಯಿಸುತ್ತದೆ ಎಂಬ ಅವನ ಹಟವನ್ನು ಒಪ್ಪುತ್ತೇನೆ. ಹುಚ್ಚು ಇಲ್ಲವೇ ಇಲ್ಲ ಎನ್ನುವವನಿಗೆ ಚಿಕಿತ್ಸೆಯ ಬಗ್ಗೆ ಹೇಳಲು ಏನಿರುತ್ತದೆ?

ಹಾಗಾದರೆ ಏನು ಮಾಡಬೇಕು ಎಂದರೆ, ನಾನು ರೊಕ್ಕೊನ ಎರಡನೇ ಹಳಿಯನ್ನೇ ಕೀಳಬೇಕು ಎನ್ನುವವರ ಪಕ್ಷ. 2021ರಲ್ಲಿ ಸಂಸದ ರಿಕ್ಕಾರ್ದೊ ಮಾಜಿ ಇಂಥದ್ದೇ ಮಸೂದೆಯೊಂದನ್ನು ಮಂಡಿಸಿದರು. ಮಾನಸಿಕ ಅಸ್ವಸ್ಥನೂ ಎಲ್ಲರಂತೆ ವಿಚಾರಣೆಗೆ ನಿಲ್ಲಲಿ, ತಪ್ಪಿತಸ್ಥನಾದರೆ ಶಿಕ್ಷೆಯಾಗಲಿ, ಶಿಕ್ಷೆಯ ಅವಧಿಯಲ್ಲಿ ಚಿಕಿತ್ಸೆ ಸಿಗಲಿ. ಮೊದಲು ಓದಿದಾಗ ನನಗೆ ಇದು ಕ್ರೌರ್ಯ ಅನ್ನಿಸಿತ್ತು. ರೋಗಿಯನ್ನು ಜೈಲಿಗೆ ಹಾಕಿ ಎಂದು ಎಡಪಂಥೀಯರೇ ಹೇಳುವುದೇ? ಅಭಿಪ್ರಾಯ ಬದಲಿಸಿದ್ದು ಪಿರಾಂದೆಲ್ಲೊನ ಹೆನ್ರಿ. ‘ನಾನು ಇರಿದೆ’ ಎಂದು ಹೇಳುವ ಹಕ್ಕೇ ಅವನಿಗೆ ಇಲ್ಲ. ಹೇಳಿದರೂ ಅದು ರೋಗದ ಲಕ್ಷಣ. ತಾನು ಮಾಡಿದ್ದು ತನ್ನದಲ್ಲ ಎಂದಾದ ಮೇಲೆ ತಾನು ಹೇಳುವುದು, ಬಯಸುವುದು, ಮನೆಗೆ ಹೋಗುತ್ತೇನೆ ಎನ್ನುವುದು ಯಾವುದು ತಾನೇ ತನ್ನದು? ರೋಗ ಅವನ ಹೊಣೆಯನ್ನು ಕಡಿಮೆ ಮಾಡಬಹುದು, ಶಿಕ್ಷೆಯ ಪ್ರಮಾಣದಲ್ಲಿ ಅದು ಕಾಣಬೇಕು. ಆದರೆ ಪೂರಾ ಅಳಿಸಿದಾಗ ಮನುಷ್ಯನೇ ಅಳಿಸಿಹೋಗುತ್ತಾನೆ. ಸತ್ತವಳ ಮನೆಯವರಿಗೂ ಅದರಿಂದ ಏನೂ ದಕ್ಕುವುದಿಲ್ಲ. ಕೃತ್ಯ ನಡೆದಿದೆ, ಮಾಡಿದವನು ಯಾರೂ ಇಲ್ಲ.

ಇದಕ್ಕೆ ಇರುವ ಗಟ್ಟಿ ಆಕ್ಷೇಪ ನನಗೆ ಗೊತ್ತು: ಇಟಲಿಯ ಜೈಲುಗಳ ಸ್ಥಿತಿ. ಕಿಕ್ಕಿರಿದ ಸೆಲ್ಲುಗಳು, ಹೆಸರಿಗೆ ಮಾತ್ರ ಮನೋವೈದ್ಯರು. ಅಲ್ಲಿಗೆ ಕಳಿಸುವುದು ಓಪಿಜಿಗೆ ಕಳಿಸಿದಂತೆಯೇ ಎನ್ನುತ್ತಾರೆ. ಅರ್ಧ ಒಪ್ಪುತ್ತೇನೆ. 2019ರಲ್ಲಿ ಸಂವಿಧಾನ ನ್ಯಾಯಾಲಯ, ಜೈಲಿನಲ್ಲಿ ತೀವ್ರ ಮಾನಸಿಕ ರೋಗಕ್ಕೆ ತುತ್ತಾದವರನ್ನು ಚಿಕಿತ್ಸೆಗಾಗಿ ಜೈಲಿನ ಹೊರಗೆ ಇರಿಸಬಹುದು ಎಂದು ದಾರಿ ತೆರೆಯಿತು. ಆ ದಾರಿ ಎಲ್ಲರಿಗೂ ಸಿಗುವಂತಾಗದೆ ಮಸೂದೆಯನ್ನು ಕಾಯ್ದೆ ಮಾಡಿದರೆ ಅದು ಇನ್ನೊಂದು 1978 ಆಗುತ್ತದೆ, ಮುಂದಿನ ಬಾಗಿಲು ಒಡೆದು ಹಿಂದಿನದಕ್ಕೆ ಬೀಗ ಹಾಕಿದ ಹಾಗೆ. ಆದರೆ ಶಿಕ್ಷೆಗೊಳಗಾದ ರೋಗಿಗೆ ಕನಿಷ್ಠ ಒಂದು ತಾರೀಖು ಇರುತ್ತದೆ, ವಕೀಲನಿರುತ್ತಾನೆ, ಮೇಲ್ಮನವಿ ಇರುತ್ತದೆ. 7,000 ಲಿರಾ ಕದ್ದವನನ್ನು ಅಂದು ಕಳ್ಳ ಎಂದೇ ಕರೆದಿದ್ದರೆ ಅವನು 2010ಕ್ಕೆ ಎಷ್ಟೋ ಮೊದಲೇ ಮನೆಯಲ್ಲಿರುತ್ತಿದ್ದ.

ಸೆಮಿನಾರು ಮುಗಿದ ಮೇಲೆ ಚಹಾದ ಸಾಲಿನಲ್ಲಿ ಆ ಹುಡುಗಿಯನ್ನು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಹೇಳುತ್ತಿದ್ದೆ: ಬಂದರು, ಕುದುರೆಗಿಂತ 44 ವರ್ಷ ತಡವಾಗಿ. 88ನೇ ಕಲಂ ಮಾತ್ರ ಇನ್ನೂ ಇದ್ದಲ್ಲೇ ಇದೆ.